ಇಲಿಗೆ ಪ್ರವೇಶವಿಲ್ಲದ ಹಕ್ಕಿ ದ್ವೀಪ



ನ್ಯೂಜಿಲೆಂಡಿನ ಆಕ್ಲೆಂಡ್ ನಗರದಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ ಸಮುದ್ರದಲ್ಲಿ ಟಿರಿಟಿರಿ ಮಟಾಂಗಿ ಎಂಬ ದ್ವೀಪವಿದೆ. ವಿಸ್ತೀರ್ಣ 220 ಹೆಕ್ಟೇರ್ ಮಾತ್ರ. ಅಲ್ಲಿಗೆ ಹೋಗುವವರು ಮೊದಲು ಬೂಟಿಗೆ ಅಂಟಿದ ಮಣ್ಣು, ಬೀಜಗಳನ್ನು ಉಜ್ಜಿ ತೆಗೆಯಬೇಕು. ಚೀಲ ಬಿಚ್ಚಿ ತಪಾಸಣೆ ಮಾಡಿಕೊಳ್ಳಬೇಕು. ಹುಡುಕುವುದು ಏನನ್ನು ಗೊತ್ತೇ? ಇಲಿಯನ್ನು! ಮರಿ ಹಾಕಲಿರುವ ಒಂದೇ ಒಂದು ಇಲಿ ನುಸುಳಿದರೆ ಹತ್ತಾರು ವರ್ಷಗಳ ದುಡಿಮೆ ನೀರುಪಾಲಾದೀತು.

ಇಲಿಗೆ ಇಷ್ಟೊಂದು ಭಯವೇಕೆ? ಉತ್ತರ ನಾವು ಓದುವ ವಿಕಾಸದ ಪಾಠದಲ್ಲಿದೆ. ಮನುಷ್ಯರು ಬರುವ ಹೊತ್ತಿಗೆ ನ್ಯೂಜಿಲೆಂಡಿನ ಕಾಡುಗಳಲ್ಲಿ ಬಾವಲಿ ಬಿಟ್ಟರೆ ಬೇರೆ ಸಸ್ತನಿ ಇರಲಿಲ್ಲ. ಹಕ್ಕಿಗಳ ವೈರಿಗಳೂ ಹಕ್ಕಿಗಳೇ: ಹದ್ದು, ಗಿಡುಗ. ಇವು ಕಣ್ಣಿನಿಂದ ಬೇಟೆ ಹುಡುಕುತ್ತವೆ. ಆದ್ದರಿಂದ ಅಪಾಯ ಬಂದಾಗ ಅಲುಗಾಡದೆ ನಿಂತ ಹಕ್ಕಿ ಬದುಕುತ್ತಿತ್ತು. ಕೆಲವು ಹಾರುವುದನ್ನೇ ಬಿಟ್ಟವು. ಆದರೆ ಇಲಿ ಮತ್ತು ಸ್ಟೋಟ್ ವಾಸನೆ ಹಿಡಿದು ಬರುತ್ತವೆ. ಅವುಗಳೆದುರು ಕಲ್ಲಿನಂತೆ ಕುಳಿತರೆ ಆಯಿತು, ತುತ್ತಾದಂತೆಯೇ. ಮುಂಗುಸಿಯಂತೆ ಉದ್ದ ಮೈಯ ಈ ಸ್ಟೋಟ್ ತಾನಾಗಿ ಬಂದದ್ದಲ್ಲ. ಮೊಲಗಳ ಹಾವಳಿ ತಡೆಯಲೆಂದು 1880ರ ದಶಕದಲ್ಲಿ ತಂದು ಬಿಟ್ಟದ್ದು. ಪಕ್ಷಿತಜ್ಞರು ಬೇಡವೆಂದರೂ ಯಾರೂ ಕೇಳಲಿಲ್ಲ.

ಟಿರಿಟಿರಿಯಲ್ಲಿ ದನಕುರಿ ಮೇಯಿಸಿ ಕಾಡು ಬಹುತೇಕ ಬೋಳಾಗಿತ್ತು. 1984ರಿಂದ 1994ರವರೆಗೆ ಸ್ವಯಂಸೇವಕರು, ಶಾಲಾಮಕ್ಕಳೂ ಸೇರಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟರು. 1993ರಲ್ಲಿ ವಿಷದ ಆಹಾರ ಹಾಕಿ ಅಲ್ಲಿನ ಇಲಿಗಳನ್ನು ನಿರ್ಮೂಲ ಮಾಡಲಾಯಿತು. ಬೇರೆಡೆಯಿಂದ ತಂದು ಬಿಟ್ಟ ಹಕ್ಕಿಗಳು ಈಗ ಅಲ್ಲಿ ಮರಿ ಮಾಡುತ್ತವೆ. ನಿರ್ನಾಮವಾಯಿತೆಂದೇ ನಂಬಲಾಗಿದ್ದ, 1948ರಲ್ಲಿ ಜೆಫ್ರಿ ಆರ್ಬೆಲ್ ಎಂಬ ವೈದ್ಯರು ಮತ್ತೆ ಪತ್ತೆಹಚ್ಚಿದ ಟಕಾಹೆ ಹಕ್ಕಿ ಅಲ್ಲಿ ಪ್ರವಾಸಿಗರ ಪಕ್ಕದಲ್ಲೇ ಹುಲ್ಲು ಮೇಯುತ್ತದೆ. ನೀಲಿ ಮೈ, ದಪ್ಪ ಕೆಂಪು ಕೊಕ್ಕು, ಹಾರಲು ಬಾರದು. ಹಿಹಿ ಎಂಬ ಪುಟ್ಟ ಹಕ್ಕಿಗೆ ಇಂದಿಗೂ ಸಕ್ಕರೆ ನೀರು ಇಡುತ್ತಾರೆ.

‘ಹಕ್ಕಿಗಾಗಿ ಇಲಿಯನ್ನು ಕೊಲ್ಲಬಹುದೇ ಸರ್?’ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಸುಲಭದ ಪ್ರಶ್ನೆಯಲ್ಲ. ಆ ಜಾತಿಯ ಇಲಿ ಮಾವೊರಿಗಳ ಪೂರ್ವಜರ ದೋಣಿಗಳಲ್ಲಿ ಬಂದದ್ದು; ಅದನ್ನೂ ಉಳಿಸಬೇಕೆನ್ನುವ ಮಾವೊರಿಗಳಿದ್ದಾರೆ. ಆದರೆ ಇಲಿಗೆ ಬದುಕಲು ಬೇರೆ ನೆಲ ಬೇಕಾದಷ್ಟಿದೆ, ಹಿಹಿಗೆ ತೀರಾ ಕಡಿಮೆ. ನನ್ನ ಮಟ್ಟಿಗೆ ತಕ್ಕಡಿ ಹಕ್ಕಿಯ ಕಡೆಗೇ ವಾಲುತ್ತದೆ.

ನಿಮಗೊಂದು ಕೆಲಸ: ಬೇರೆಡೆಯಿಂದ ತಂದ, ಆಹಾರವಿಟ್ಟು ಸಾಕುವ, ಆದರೂ ಸ್ವತಂತ್ರವಾಗಿ ಹಾರುವ ಹಿಹಿಯ ಸಂರಕ್ಷಣೆ ಇನ್-ಸಿಟುವೋ, ಎಕ್ಸ್-ಸಿಟುವೋ? ಕಾರಣ ಸಹಿತ ಬರೆದು ತನ್ನಿ.