ಜೀಪುದಾರಿಗೆ ಹೊಸದಾಗಿ ಹೊರಡುವವರಿಗೆ

ನಾಲ್ಕು ಚಕ್ರಗಳಿಗೂ ಶಕ್ತಿಯನ್ನೀಯುವ ಗಾಡಿಯೊಂದನ್ನು ಹೊಸದಾಗಿ ಕೊಂಡು, ಅದಕ್ಕೆ ಏನೇನನ್ನು ತೊಡಿಸಬೇಕು, ಮೊದಲು ಯಾವ ದಾರಿಗೆ ಇಳಿಸಬೇಕು ಎಂದು ಆಲೋಚಿಸುತ್ತಿರುವವರು, ಬಿಡಿಭಾಗಗಳ ಅಂಗಡಿಯ ಮೆಟ್ಟಿಲೇರುವುದಕ್ಕೆ ಮುಂಚೆ ಕೊಲ್ಲೂರಿಗೋ ನಿಟ್ಟೂರಿಗೋ ಹೋಗಿ, ಅಲ್ಲಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತೊಯ್ಯುವ ಬಾಡಿಗೆ ಜೀಪಿನಲ್ಲಿ ಚಾಲಕನ ಪಕ್ಕದ ಆಸನ ಹಿಡಿದು ಒಮ್ಮೆ ಬೆಟ್ಟವನ್ನು ಹತ್ತಿಳಿದು ಬರುವುದು ಉತ್ತಮ. 1343 ಮೀಟರ್ ಎತ್ತರದ ಆ ಗಿರಿಯ ಕಡೆಯ ಏರು ಬರಿಯ ಕಲ್ಲು, ಕೊರಕಲು, ಕೆಮ್ಮಣ್ಣು; ಅದನ್ನು ದಿನವೂ ಏರುವ ಆ ಹಳೆಯ ಜೀಪುಗಳಿಗೆ ವಿಂಚ್ ಇಲ್ಲ, ಸ್ನಾರ್ಕೆಲ್ ಇಲ್ಲ, ನೆತ್ತಿಯ ಮೇಲೆ ದೀಪಗಳ ಸಾಲೂ ಇಲ್ಲ. ಚಾಲಕನ ಎಡಗಾಲನ್ನು ಗಮನಿಸಿ: ಗೇರು ಬದಲಿಸುವ ಕ್ಷಣವೊಂದನ್ನುಳಿದು ಅದು ಕ್ಲಚ್ಚಿನ ಬಳಿ ಸುಳಿಯುವುದೇ ಇಲ್ಲ. ಎದುರಿಗೆ ದೊಡ್ಡ ಕಲ್ಲು ಬಂದರೆ ಆತನು ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಳ್ಳದೆ, ಬೇಕೆಂದೇ ಒಂದು ಚಕ್ರವನ್ನು ಅದರ ಮೇಲೆ ಹತ್ತಿಸುತ್ತಾನೆ. ಏಕೆಂದರೆ ಇಂಥ ಗಾಡಿಗಳಲ್ಲಿ ನೆಲಕ್ಕೆ ಅತ್ಯಂತ ಸಮೀಪವಾಗಿ ತೂಗುವುದು ಡಿಫರೆನ್ಷಿಯಲ್ಲಿನ ಗುಂಡು, ಚಕ್ರವು ಕಲ್ಲನ್ನೇರಿದರೆ ಆ ಗುಂಡೂ ಜೊತೆಗೇ ಮೇಲೇಳುತ್ತದೆ.

ಇನ್ನು ಮಾರ್ಪಾಟಿನ ವಿಚಾರ. ಅದು ಗಾಡಿಯ ನೆತ್ತಿಯಿಂದಲ್ಲ, ನೆಲವನ್ನು ಮುಟ್ಟುವ ಭಾಗದಿಂದ ಮೊದಲಾಗತಕ್ಕುದು. ಮಹೀಂದ್ರ ಥಾರಿಗೆ 226 ಮಿಲಿಮೀಟರ್, ಮಾರುತಿ ಜಿಮ್ನಿಗೆ 210 ಮಿಲಿಮೀಟರ್ ನೆಲದ ಅಂತರವನ್ನು ತಯಾರಕರೇ ಕೊಟ್ಟಿರುವಾಗ, ಹೊಸಬರ ದಾರಿಗಳಿಗೆ ಅದಕ್ಕಿಂತ ಹೆಚ್ಚಿನ ಎತ್ತರವು ಬೇಕಾಗುವುದು ಅಪರೂಪ; ಕೊರತೆಯಿರುವುದಾದರೆ ಅದು ಬಹುಮಟ್ಟಿಗೆ ಟೈರಿನಲ್ಲಿ. ಟಾರಿಗೂ ಮಣ್ಣಿಗೂ ಒಗ್ಗುವ ಆಲ್ ಟೆರೇನ್ ಟೈರುಗಳನ್ನು ಹಾಕಿಸಿಕೊಂಡರೆ ಸಾಕು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರುಗಳು ನೋಟಕ್ಕೆ ಗಂಭೀರವಾದರೂ, ಬೆಂಗಳೂರಿನಿಂದ ಶಿವಮೊಗ್ಗದವರೆಗಿನ ಹೆದ್ದಾರಿಯುದ್ದಕ್ಕೂ ಕಿವಿಯಲ್ಲಿ ಮೊರೆಯುತ್ತ, ಒದ್ದೆ ಟಾರಿನ ಮೇಲೆ ಬ್ರೇಕು ಹಿಡಿದಾಗ ಜಾರುತ್ತ, ಕೊಂಡವನ ಉತ್ಸಾಹವನ್ನು ಬಹುಬೇಗ ತಣಿಸುತ್ತವೆ. ಟೈರಿಗಿಂತಲೂ ಅಗ್ಗವಾದ, ಆದರೆ ಅದರಷ್ಟೇ ಫಲಕಾರಿಯಾದ ಉಪಾಯವೆಂದರೆ ಗಾಳಿ ಇಳಿಸುವುದು. ರಸ್ತೆಯಲ್ಲಿ 30ರ ಆಸುಪಾಸಿನಲ್ಲಿರುವ ಒತ್ತಡವನ್ನು ಕಾಡುದಾರಿಯ ಬಾಯಲ್ಲಿ 20 ಪಿಎಸ್‌ಐಗೆ ಇಳಿಸಿದರೆ, ಟೈರು ನೆಲದ ಮೇಲೆ ಉದ್ದವಾಗಿ ಹರಡಿ, ಕಲ್ಲಿನ ಏರುತಗ್ಗುಗಳನ್ನು ತಬ್ಬಿ ಹಿಡಿಯುತ್ತದೆ. 15ಕ್ಕಿಂತ ಕೆಳಗೆ ಇಳಿಸತಕ್ಕದ್ದಲ್ಲ. ತಿರುವಿನಲ್ಲಿ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳುವ ಸಂಭವವುಂಟು. ಮರಳಿ ಟಾರು ಸೇರುವ ಮೊದಲು ಗಾಳಿ ತುಂಬಲೇಬೇಕಾದ್ದರಿಂದ ಸಣ್ಣ ಕಂಪ್ರೆಸರೊಂದು ಜೊತೆಗಿರಲಿ.

ಗಾಡಿಯ ಹಿಂದೆ ಮುಂದೆ, ಚಾಸಿಗೆ ಭದ್ರವಾಗಿ ಬಿಗಿದ ಎಳೆಕೊಂಡಿಗಳು, ಹಿಗ್ಗಿ ಕುಗ್ಗುವ ಕೈನೆಟಿಕ್ ಹಗ್ಗ, ತಾಳುವ ತೂಕವನ್ನು ಮೈಮೇಲೆ ಅಚ್ಚೊತ್ತಿದ ಒಂದೆರಡು ಶ್ಯಾಕಲ್, ಒಂದು ಗುದ್ದಲಿ: ಇಷ್ಟಕ್ಕೆ ಹಣ ತೆತ್ತವರು ನಷ್ಟಪಟ್ಟದ್ದಿಲ್ಲ. ಹೂತ ಗಾಡಿಯನ್ನು ಎಳೆಯುವಾಗ ಹಗ್ಗವನ್ನು ಬಂಪರಿಗಾಗಲಿ, ಟ್ರೈಲರಿನ ಗುಂಡಿಗಾಗಲಿ ಕಟ್ಟಕೂಡದು. ಅವು ಮುರಿದರೆ ಆ ಲೋಹದ ತುಂಡು ಎದುರಿನ ಗಾಜನ್ನು ಸೀಳಿಕೊಂಡು ಬರುವ ವೇಗವು ಪ್ರಾಣಾಂತಕವಾದುದು. ಹಗ್ಗದ ನಡುವೆ ಒದ್ದೆ ಕಂಬಳಿಯೊಂದನ್ನು ಹೊದಿಸಿ, ನೋಡುವವರನ್ನೆಲ್ಲ ದೂರ ಕಳಿಸಿ, ಅನಂತರ ಎಳೆಯುವುದು ವಿಹಿತ.

ಗಾಡಿಯನ್ನು ಎರಡಂಗುಲ ಎತ್ತರಿಸಿಕೊಡುತ್ತೇವೆಂದು ಗ್ಯಾರೇಜಿನವರು ಒತ್ತಾಯಿಸುವುದುಂಟು. ಎತ್ತರ ಹೆಚ್ಚಿದಂತೆ ಗುರುತ್ವಕೇಂದ್ರವೂ ಮೇಲೇರಿ ಪಕ್ಕಕ್ಕೆ ಉರುಳುವ ಭಯ ಹೆಚ್ಚುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಇವೆರಡನ್ನು ಅವರು ಸಾಮಾನ್ಯವಾಗಿ ಹೇಳುವುದಿಲ್ಲ. ಕಾನೂನಿನ ಮಾತೂ ಉಂಟು: ನೋಂದಣಿಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರೂಪಣೆಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿಷೇಧಿಸುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮುಂಭಾಗದ ಉಕ್ಕಿನ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಅವು ಪಾದಚಾರಿಗಳಿಗೆ ಅಪಾಯಕರವಾಗುವುದಲ್ಲದೆ, ಢಿಕ್ಕಿಯ ಹೊಡೆತವನ್ನು ನೇರವಾಗಿ ಚಾಸಿಗೆ ರವಾನಿಸಿ ಏರ್‌ಬ್ಯಾಗು ತಕ್ಕ ಸಮಯಕ್ಕೆ ಬಿಚ್ಚಿಕೊಳ್ಳದಂತೆ ಮಾಡಬಲ್ಲವು. ಸ್ನಾರ್ಕೆಲ್ಲಿನ ವಿಷಯದಲ್ಲಿ ಒಂದೇ ಮಾತು ಸಾಕು: ಅದನ್ನು ಬಳಸುವಷ್ಟು ಆಳದ ನೀರಿಗೆ ಹೊಸಬರು ಇಳಿಯಬಾರದು.

ಮೊದಲ ಸಲಕ್ಕೆ ಸಕಲೇಶಪುರದ ಅಥವಾ ಕೊಡಗಿನ ಕಾಫಿತೋಟಗಳ ಒಳದಾರಿಗಳಷ್ಟು ಸೌಮ್ಯವಾದ ಗುರು ಬೇರಿಲ್ಲ. ತೋಟದ ಯಜಮಾನರ ಅಪ್ಪಣೆ ಪಡೆದು, ಅವರ ಮನೆಯಲ್ಲಿಯೇ ಉಳಿದುಕೊಂಡು ಹೋಗುವುದಾದರೆ ದಾರಿಯ ಸ್ಥಿತಿಯನ್ನು ಅವರೇ ತಿಳಿಸಿಯಾರು. ಹಣ್ಣು ಕೊಯ್ಯುವ ದಿನಗಳಲ್ಲಿ ಮಾತ್ರ ಆಳುಕಾಳುಗಳಿಗೂ ಟ್ರಾಕ್ಟರಿಗೂ ಅಡ್ಡವಾಗದಂತೆ ನಡೆದುಕೊಳ್ಳಬೇಕು. ಇಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಸಂಜೆ ಐದಕ್ಕೆ ಮೊದಲೇ ಅಂಗಳ ಸೇರುವುದು ಕ್ಷೇಮ. ಅಕ್ಟೋಬರಿನ ಕೊನೆಯಿಂದ ಫೆಬ್ರವರಿಯವರೆಗೆ ಕಾಲ ಅನುಕೂಲ. ಮುಂಗಾರಿನಲ್ಲಿ ಆ ಕೆಂಪು ಜೇಡಿಮಣ್ಣು ಟೈರಿನ ಗೆರೆಗಳನ್ನೆಲ್ಲ ತುಂಬಿಬಿಡುತ್ತದೆ, ಕೆಳಗಿಳಿದು ತಳ್ಳೋಣವೆಂದರೆ ಇಂಬಳ. ಕೊಡಚಾದ್ರಿಯು ಮೂಕಾಂಬಿಕಾ ಅಭಯಾರಣ್ಯಕ್ಕೂ, ಚಲನಚಿತ್ರದಿಂದಾಗಿ ಮುಗಿಲುಪೇಟೆಯೆಂದು ಹೆಸರಾದ ಮಡಿಕೇರಿಯ ಮಾಂದಲಪಟ್ಟಿಯು ಪುಷ್ಪಗಿರಿ ಅಭಯಾರಣ್ಯಕ್ಕೂ ಸೇರಿದ ಸ್ಥಳಗಳಾದ್ದರಿಂದ, ಸ್ವಂತ ಗಾಡಿಗೆ ಪ್ರವೇಶವುಂಟೋ ಇಲ್ಲವೋ ಎಂಬುದನ್ನು ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ವಿಚಾರಿಸದೆ ಮುಂದುವರಿಯತಕ್ಕದ್ದಲ್ಲ. ಇಲ್ಲವೆಂದರೆ ಬಾಡಿಗೆ ಜೀಪು ಇದ್ದೇ ಇದೆ. ದಾರಿಬಿಟ್ಟು ಹುಲ್ಲುಗಾವಲಿನ ಮೇಲೆ ಗಾಡಿ ಹರಿಸಿ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡಾಗ, ಅವರ ಪರವಾನಗಿಯನ್ನೇ ಕಿತ್ತುಕೊಳ್ಳಬಾರದೆ ಎನಿಸುತ್ತದೆ. ಗಾಲಿಯೊತ್ತಿನ ಆ ಎರಡು ಗೆರೆಗಳೇ ಮುಂದಿನ ಮಳೆಗೆ ಹಳ್ಳಗಳಾಗಿ ಮಣ್ಣನ್ನೆಲ್ಲ ಕೊಚ್ಚಿ ಒಯ್ಯುತ್ತವೆ.

ಕಠಿಣವಾದ ಏರೊಂದು ಎದುರಾದರೆ ಇಳಿದು ನಡೆದು ನೋಡಿ, ಚಕ್ರ ಎಲ್ಲೆಲ್ಲಿ ಕೂರಬೇಕೆಂಬುದನ್ನು ನಿಶ್ಚಯಿಸಿಕೊಂಡು, ಫೋರ್ ಲೋ ಹಾಕಿ, ಒಂದೇ ಗೇರಿನಲ್ಲಿ ಸಮವೇಗದಿಂದ ಹೋಗಬೇಕು. ಅರ್ಧದಲ್ಲಿ ಎಂಜಿನ್ ನಿಂತುಹೋದರೆ ಗಾಡಿಯನ್ನು ತಿರುಗಿಸುವ ಹಟ ಬೇಡ. ಅಡ್ಡಲಾದ ಗಾಡಿ ಉರುಳುತ್ತದೆ. ಬ್ರೇಕು ಹಿಡಿದು, ರಿವರ್ಸ್ ಗೇರು ಹಾಕಿ, ಎಂಜಿನ್ನಿನ ಹಿಡಿತದಲ್ಲಿಯೇ ಬಂದ ದಾರಿಯಲ್ಲಿ ನೆಟ್ಟಗೆ ಹಿಂದಿಳಿಯುವುದೇ ಸರಿಯಾದ ಕ್ರಮ. ಎರಡನೆಯ ಗಾಡಿಯೊಂದು ಜೊತೆಗಿಲ್ಲದೆ ಹೊರಡಬೇಡಿ. ಮೊಬೈಲಿಗೆ ಸಂಕೇತ ಸಿಗದ ಕಣಿವೆಗಳು ಘಟ್ಟದಲ್ಲಿ ಹೇರಳವಾಗಿವೆ.

ಊರಿಗೆ ಮರಳಿದ ಮೇಲೆ ಗಾಡಿಯ ತಳಭಾಗದ ಕೆಸರನ್ನು ನೀರು ಹಾಯಿಸಿ ತೊಳೆಸಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ, ಹೊಳೆ ದಾಟಿದ್ದರೆ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ತಪ್ಪದೆ ಪರೀಕ್ಷಿಸಬೇಕು: ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ, ಮುಂದಿನ ಸರ್ವಿಸಿನವರೆಗೆ ಕಾಯದೆ ಆಗಲೇ ಬದಲಿಸತಕ್ಕುದು.