ಧಾತು ಹುಡುಕಲು ಹೊರಟ ಮಗಳಿಗೆ

ಭಾಷಾಶಾಸ್ತ್ರ ಓದೋಕೆ ಮಾನಸಗಂಗೋತ್ರಿಗೆ ಹೊರಟಿದ್ದೀಯ, ಬಹಳ ಸಂತೋಷ ಕಣವ್ವ. ಸಂಸ್ಕೃತದ ‘ಭರತಿ’, ಲ್ಯಾಟಿನ್ನಿನ ‘ಫೆರೊ’, ಇಂಗ್ಲಿಷಿನ ‘ಬೇರ್’ ಮೂರಕ್ಕೂ ‘ಭೆರ್’ ಎಂಬ ಒಂದೇ ಮೂಲಧಾತು ಎಂದು ಓದಿ ಹಿಗ್ಗಿದ್ದೀಯ. ಹೊರುವುದು ಅಂತಲೇ ಅದರ ಅರ್ಥ. ನಮ್ಮ ‘ಹೊರು’ ಹಳಗನ್ನಡದಲ್ಲಿ ‘ಪೊಱು’ ಆಗಿತ್ತಲ್ಲ, ಅದೂ ಅದೇ ಬುಡದ್ದಿರಬೇಕು ಅಂದೆ. ಅಲ್ಲಿ ಸ್ವಲ್ಪ ತಡಿ.

ಮುಖ ಹೋಲಿತು ಅಂತ ನೆಂಟಸ್ತನ ಕಟ್ಟಬಾರದು. ‘ಭರತಿ’ಯ ನೆಂಟಸ್ತನಕ್ಕೆ ಸಾಕ್ಷಿ ಬೇರೆ ಇದೆ: ಸಂಸ್ಕೃತದಲ್ಲಿ ಪದದ ಮೊದಲಿಗೆ ಭ ಇದ್ದರೆ ಲ್ಯಾಟಿನ್ನಿನಲ್ಲಿ ಫ, ಇಂಗ್ಲಿಷಿನಲ್ಲಿ ಬ. ಭ್ರಾತಾ, ಫ್ರಾತೆರ್, ಬ್ರದರ್ ಕೂಡ ಅದೇ ಸಾಲಿನವು. ‘ಹೊರು’ ನಿಲ್ಲುವ ಸಾಲೇ ಬೇರೆ. ಆ ಸಾಲು ನೋಡೋಕೆ ಪುಸ್ತಕ ಬೇಡ, ನಮ್ಮ ಸೀಮೆಯ ಮಾತು ಸಾಕು.

ಹುಣಸೂರು, ಪಿರಿಯಾಪಟ್ಟಣದ ಹೊಲದಲ್ಲಿ ಬೆಳೆಯೋದು ‘ಒಗೆಸೊಪ್ಪು’. ಕುಡಿಯೋದು ‘ಆಲು’, ಸಂತೆಗೆ ‘ಓಗು’ ಅಂತಾರೆ. ಗ್ರಂಥದ ಕನ್ನಡದಲ್ಲಿ ಇವು ಹೊಗೆ, ಹಾಲು, ಹೋಗು. ಪಂಪನ ಕಾಲಕ್ಕೆ ಪೊಗೆ, ಪಾಲ್, ಪೋಗು. ಪಿರಿಯಾಪಟ್ಟಣ ದಾಟಿ ಕೊಡಗಿಗೆ ಕಾಲಿಟ್ಟರೆ ಕೊಡವ ತಕ್ಕಿನಲ್ಲಿ ಆ ಪಕಾರ ಇವತ್ತಿಗೂ ಇದೆ. ತಮಿಳು, ತೆಲುಗಿನಲ್ಲೂ ಇದೆ. ಆದ್ದರಿಂದಲೇ ವಿದ್ವಾಂಸರು ‘ಹೋಗು’ವಿನ ಮೂಲದ್ರಾವಿಡ ಧಾತುವನ್ನು ‘ಪೋ’ ಎಂದು ಬರೆದು, ಅದರ ಮೊದಲು ಒಂದು ನಕ್ಷತ್ರದ ಗುರುತು ಹಾಕುತ್ತಾರೆ: ಯಾವ ಶಾಸನದಲ್ಲೂ ಸಿಕ್ಕ ರೂಪವಲ್ಲ, ತರ್ಕದಿಂದ ಕಂಡುಕೊಂಡದ್ದು ಅಂತ.

ಪ ಹೋಗಿ ಹ ಆಯಿತು, ಆಮೇಲೆ ಹಳ್ಳಿ ಬಾಯಲ್ಲಿ ಅದೂ ಉದುರಿತು. ಹಿಂದಕ್ಕೆ ನಡೆಯೋದು ಅಷ್ಟು ಸುಲಭವಲ್ಲ. ನಮ್ಮವರು ‘ಏಳು’ ಅಂದರೆ ಅದು ‘ಎದ್ದೇಳು’ವಿನ ಏಳೋ, ‘ಹೇಳು’ ಎಂಬುದೋ? ಆ ಒಂದು ರೂಪ ಹಿಡಿದು ಕೂತರೆ ಗೊತ್ತಾಗಲ್ಲ. ಹಳಗನ್ನಡದ ‘ಪೇೞ್’ ಪಕ್ಕದಲ್ಲಿಟ್ಟಾಗಲೇ ಬಿಡಿಸಿಕೊಳ್ಳುತ್ತೆ. ಒಂದೇ ಭಾಷೆ ಹಿಡಿದು ಮೂಲಕ್ಕೆ ಹೋಗೋಕೆ ಆಗದು ಅನ್ನೋದು ಇದಕ್ಕೇ. 1930ರ ದಶಕದಲ್ಲಿ ಭಾಷಾಶಾಸ್ತ್ರಜ್ಞ ಎಮೆನೊ ಕೊಡವ, ತೋಡ, ಕೋತ ಮಾತುಗಳನ್ನು ಜನರ ಬಾಯಿಂದ ಕೇಳಿ ಬರೆದುಕೊಂಡರು. ಬರೋ ಎಂಬ ಇನ್ನೊಬ್ಬ ವಿದ್ವಾಂಸರೂ ಎಮೆನೊ ಅವರೂ ಸೇರಿ 1961ರಲ್ಲಿ ದ್ರಾವಿಡ ನಿಷ್ಪತ್ತಿ ಕೋಶ ತಂದಾಗ, ಬರಹವಿಲ್ಲದ ಭಾಷೆಗಳ ಸಾಕ್ಷ್ಯಕ್ಕೂ ತಮಿಳಿನ ಜೊತೆ ಅದೇ ಪುಟದಲ್ಲಿ ಜಾಗ ಸಿಕ್ಕಿತು.

ಹಾಸ್ಟೆಲಿನಲ್ಲಿ ಯಾರಾದರೂ ‘ಓಗು’ ಕೇಳಿ ನಕ್ಕರೆ ಕುಗ್ಗಬೇಡ. ನಿಯಮವಿಲ್ಲದೆ ಕೆಟ್ಟ ಮಾತಲ್ಲ ಅದು. ಒಂದೊಂದು ಪದದಲ್ಲೂ ಅದೇ ನಿಯಮ ನಡೆದಿದೆ.

ರಜಕ್ಕೆ ಬಂದಾಗ ಎಚ್.ಡಿ. ಕೋಟೆ ಹಾಡಿಗಳಿಗೆ ಹೋಗು. ಜೇನುಕುರುಬರ, ಬೆಟ್ಟಕುರುಬರ ಹಿರಿಯರು ಒಪ್ಪಿದರೆ ಮೊದಲು ಕ್ರಿಯಾಪದ ಕೇಳು: ಬಾ, ಹೋಗು, ತಿನ್ನು, ಹೊರು. ಸಾಮಾನಿನ ಹೆಸರು ಸಂತೆಯಿಂದ ಬೇಗ ಬರುತ್ತೆ, ಇಂಥ ಪದಗಳನ್ನು ಜನ ಸಾಲ ತರೋದು ಕಡಿಮೆ. ‘ನಿನ್ನೆ ಹೋದೆ’, ‘ನಾಳೆ ಹೋಗ್ತೀನಿ’ ಎರಡನ್ನೂ ಹೇಳಿಸಿಕೋ. ಧಾತು ಎಲ್ಲಿ ಮುಗಿದು ಪ್ರತ್ಯಯ ಎಲ್ಲಿ ಶುರುವಾಗುತ್ತೆ ಅಂತ ಆಗ ಕಾಣುತ್ತೆ. ಕೇಳಿದ ಹಾಗೇ ಬರೆದುಕೋ, ಗ್ರಂಥದ ಕನ್ನಡಕ್ಕೆ ತಿದ್ದಬೇಡ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಸರಿಯೇ ಅಂತ ಕೇಳಿಕೊಂಡು ಬಾ.