ಮಿರಗದ ಮಳೆಗೆ ಮೊದಲು ಮನೆ ಸಜ್ಜು

ಜೂನ್ ತಿಂಗಳಲ್ಲಿ ಖರ್ಚು ನಮ್ಮ ಕಡೆಯ ಮನೆಗಳಿಗೆ ಒಂದೊಂದಾಗಿ ಬರುವುದಿಲ್ಲ. ಮಕ್ಕಳ ಯೂನಿಫಾರ್ಮು, ಪಾಟಿಚೀಲ, ಬಿತ್ತನೆ ಬೀಜ, ಗೊಬ್ಬರ, ಒಡೆದ ಹೆಂಚು, ಹರಿದ ತಾಡಪತ್ರಿ, ಕೊಡೆ, ಎಲ್ಲವೂ ಒಟ್ಟಿಗೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಸರಿಯಾಗಿ ಅದೇ ಹೊತ್ತಿಗೆ ದುಡಿಮೆ ಸೊರಗುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಿಂತು ಪ್ರವಾಸಿಗರು ಕಡಿಮೆಯಾಗುತ್ತಾರೆ, ಗಾರೆ ಕೆಲಸ ನಿಲ್ಲುತ್ತದೆ, ನಾಟಿಯ ಕೆಲವು ದಿನ ಬಿಟ್ಟರೆ ಹಳ್ಳಿಯಲ್ಲಿ ಕೂಲಿ ಸಿಗುವುದಿಲ್ಲ. ಸಾಲ ಹುಟ್ಟುವುದು ಮಳೆಗಾಲದ ಈ ತಿಂಗಳುಗಳಲ್ಲೇ.

ಹಿಂದಿನ ಹೆಂಗಸರು ಇದನ್ನು ದಾಟಿದ್ದು ಹೊಟ್ಟೆ ಕಟ್ಟಿ ಅಲ್ಲ. ಅವರಿಗೆ ಪ್ರತಿ ಕೆಲಸಕ್ಕೂ ಒಂದು ತಿಂಗಳಿತ್ತು. ಆ ತಿಂಗಳು ತಪ್ಪಿದರೆ ಆಮೇಲೆ ದುಡ್ಡು ಕೊಟ್ಟರೂ ಆ ವಸ್ತು ಸಿಗುತ್ತಿರಲಿಲ್ಲ, ಸಿಕ್ಕರೂ ದುಪ್ಪಟ್ಟು ದರ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಮನೆಗಳಲ್ಲಿ ಇನ್ನೂ ಉಳಿದಿರುವ ಆ ರೂಢಿಗಳನ್ನು ತಿಂಗಳ ಲೆಕ್ಕದಲ್ಲಿ ಇಲ್ಲಿ ಕೊಟ್ಟಿದ್ದೇನೆ. ಮಿರಗದ ಮಳೆ ಹೂಡುವುದು ಜೂನ್ 7-8ರ ಹೊತ್ತಿಗೆ. ತಯಾರಿ ಮಾತ್ರ ಡಿಸೆಂಬರಿನಲ್ಲೇ ಶುರುವಾಗಬೇಕು.

ಸುಗ್ಗಿಯಲ್ಲಿ ಹಿಡಿ ಅಕ್ಕಿ

ಮೊದಲ ಕೆಲಸ ಎಲ್ಲಕ್ಕಿಂತ ಸುಲಭದ್ದು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿ. ಒಂದು ಹಿಡಿ ಎಂದರೆ ಸುಮಾರು 40 ಗ್ರಾಂ. ಎರಡು ಹೊತ್ತಿಗೆ 80 ಗ್ರಾಂ, ತಿಂಗಳಿಗೆ ಎರಡು ಕಿಲೋ ನಾನೂರು ಗ್ರಾಂ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಹದಿನಾಲ್ಕು ಕಿಲೋ ದಾಟುತ್ತದೆ. ಉಣ್ಣುವವರ ತಟ್ಟೆಯಲ್ಲಿ ಅದು ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ಡಬ್ಬಿಗೆ ನಾಲ್ಕು ಒಣಮೆಣಸಿನಕಾಯಿ, ನೆರಳಲ್ಲಿ ಒಣಗಿಸಿದ ಒಂದು ಹಿಡಿ ಬೇವಿನ ಎಲೆ ಹಾಕಿ. ಅಕ್ಕಿಯನ್ನು ಕಡು ಬಿಸಿಲಿಗೆ ಹರವಬೇಡಿ, ಬಿರುಕು ಬಿಟ್ಟು ನುಚ್ಚಾಗುತ್ತದೆ. ತೊಗರಿ, ಹೆಸರು, ಅಲಸಂದೆಯನ್ನು ಮಾತ್ರ ಚೆನ್ನಾಗಿ ಬಿಸಿಲಿಗೆ ಹಾಕಿ, ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿ ಇಟ್ಟರೆ ಹುಳ ಬೀಳದು.

ದಾಂಡೇಲಿಯ ಕ್ವಾರ್ಟರ್ಸಿನಲ್ಲಿ, ಬಾಡಿಗೆ ಮನೆಯಲ್ಲಿ ಇರುವವರಿಗೆ ಹಿತ್ತಲು ಇಲ್ಲ, ಗದ್ದೆ ಇಲ್ಲ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ಸಂಬಳದ ಮೇಲೆ ಬೆಳೆದ ಊರು ಅದು. ತಿಂಗಳ ಸಾಮಾನನ್ನು ತಿಂಗಳಿಗೇ ತರುವುದು ಅಲ್ಲಿಯ ರೂಢಿ. ಅಂಥವರು ಬದಲಿಸಬೇಕಾದ್ದು ಒಂದೇ: ವರ್ಷಪೂರ್ತಿ ಕೆಡದ ನಾಲ್ಕು ಸಾಮಾನನ್ನು ಅದರದರ ಸುಗ್ಗಿಯಲ್ಲಿ ಕೊಳ್ಳಿ. ಅಕ್ಕಿ, ತೊಗರಿ ಜನವರಿ ಹೊತ್ತಿಗೆ. ಹುಣಸೆಹಣ್ಣು, ಒಣಮೆಣಸಿನಕಾಯಿ ಮಾರ್ಚಿನೊಳಗೆ. ಒಂದೇ ಸಲ ಆಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಚೀಲ ತಂದು ಹಂಚಿಕೊಳ್ಳಿ. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಹರಳುಪ್ಪು ಬೆರೆಸಿ, ಉಂಡೆ ಕಟ್ಟಿ ಭರಣಿಯಲ್ಲಿಟ್ಟರೆ ಮುಂದಿನ ವರ್ಷದವರೆಗೂ ಬರುತ್ತದೆ.

ನೆಲದೊಳಗಿನ ಕಣಜ

ಜೋಯಿಡಾದ ಕುಣಬಿ ಹೆಂಗಸರಿಗೆ ಗೆಡ್ಡೆ ಎಂದರೆ ಬ್ಯಾಂಕು. ಮುಡ್ಲಿ, ಕೋನ, ಕಾಟೆ ಕಣಗ ಎಂದು ಹಿತ್ತಲಲ್ಲೇ ಹತ್ತಾರು ಬಗೆ. ಜನವರಿ ಹೊತ್ತಿಗೆ ಜೋಯಿಡಾದಲ್ಲಿ ನಡೆಯುವ ಗೆಡ್ಡೆ-ಗೆಣಸು ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಮಗುವಿನ ಗಾತ್ರದ ಮುಡ್ಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ಅಜ್ಜಿಯರು ಸಿಗುತ್ತಾರೆ. ಕೊಳ್ಳುವಾಗ ಕೇಳಿ, ನೆಡುವ ಬಗೆಯನ್ನೂ ಹೇಳಿಕೊಡುತ್ತಾರೆ.

ಗೆಡ್ಡೆಯನ್ನು ಅಡುಗೆಗೆ ತೆಗೆದುಕೊಂಡು ಮೊಳಕೆ ಬರುವ ತಲೆಯ ಭಾಗವನ್ನು ಅಂಗೈ ಅಗಲ ಉಳಿಸಿಕೊಳ್ಳಿ. ಕೊಯ್ದ ಬಾಯಿಗೆ ಒಲೆಯ ಬೂದಿ ಒತ್ತಿ, ಅಟ್ಟದ ಮೇಲೆ ಗಾಳಿಯಾಡುವಲ್ಲಿ ಇಡಿ. ಮೇ ಕೊನೆಗೆ ಮಣ್ಣನ್ನು ಗುಡ್ಡೆ ಮಾಡಿ, ಒಳಗೆ ದರಕು ಮತ್ತು ಸಗಣಿ ಗೊಬ್ಬರ ತುಂಬಿ, ತಲೆ ಮೇಲಾಗುವಂತೆ ಹೂಳಿ. ಕೋನ, ಕಣಗಕ್ಕೆ ಬಳ್ಳಿ ಹಬ್ಬಲು ಒಂದು ಮರವೋ ಕೋಲೋ ಬೇಕು. ಡಿಸೆಂಬರಿನಲ್ಲಿ ಬಳ್ಳಿ ಒಣಗುತ್ತದೆ. ಆಗ ಎಲ್ಲವನ್ನೂ ಒಂದೇ ಸಲ ಅಗೆಯಬೇಡಿ. ಬೇಕಾದಾಗ ಬೇಕಾದಷ್ಟು ತೆಗೆಯಿರಿ, ಉಳಿದದ್ದು ಮಣ್ಣಿನಲ್ಲೇ ಕೆಡದೆ ಇರುತ್ತದೆ, ಹಂದಿ ಕಾಟ ಇಲ್ಲದಿದ್ದರೆ. ಮುಡ್ಲಿ ಕೆಸುವಿನ ಜಾತಿಯದು, ಗಂಟಲು ತುರಿಸುವುದು ಅದರೊಳಗಿನ ಸೂಜಿಯಂಥ ಹರಳಿನಿಂದ. ಚೆನ್ನಾಗಿ ಬೇಯಿಸಿ ಹುಣಸೆಯನ್ನೋ ಮುರುಗಲನ್ನೋ ಹಾಕಿದರೆ ತೊಂದರೆಯಿಲ್ಲ.

ಏಪ್ರಿಲ್–ಮೇ: ಹಲಸು, ಮುರುಗಲು, ಕಟ್ಟಿಗೆ

ಮರದ ಕೆಳಗೆ ಕೊಳೆತು ಹೋಗುವ ಹಲಸನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಜುಲೈಯಲ್ಲಿ ತರಕಾರಿ ದರ ಏರಿದಾಗ ಅದೇ ಮನೆಯವರು ಸಂತೆಯಿಂದ ಕಾಲು ಕಿಲೋ ಬೀನ್ಸ್ ತರುತ್ತಾರೆ. ಒಂದೇ ಒಂದು ಭರಣಿ ಉಪ್ಪುಸೊಳೆ ಹಾಕಿ ನೋಡಿ.

ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಬೀಜ ತೆಗೆದು, ಉದ್ದಕ್ಕೆ ಸೀಳಿ. ತೊಳೆಯಬೇಡಿ, ನೀರಿನ ಹನಿಯೇ ಇದರ ಶತ್ರು. ಒಂದು ಕಿಲೋ ಸೊಳೆಗೆ ಸುಮಾರು 200 ಗ್ರಾಂ ಹರಳುಪ್ಪು. ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು ಹಾಕುತ್ತ ಕೈಯಿಂದ ಒತ್ತಿ ತುಂಬಿ. ಮೇಲೆ ಬಾಳೆಲೆ, ಅದರ ಮೇಲೆ ತೊಳೆದು ಒಣಗಿಸಿದ ಹೊಳೆಗಲ್ಲು. ಎರಡು-ಮೂರು ದಿನದಲ್ಲಿ ಸೊಳೆಯೇ ನೀರು ಬಿಟ್ಟುಕೊಂಡು ಮುಳುಗುತ್ತದೆ. ಮುಳುಗದೆ ಮೇಲೆ ಉಳಿದದ್ದಕ್ಕೆ ಬೂಸ್ಟು ಬರುತ್ತದೆ, ಆದ್ದರಿಂದ ಕಲ್ಲಿನ ಭಾರ ಸಾಲದಿದ್ದರೆ ಇನ್ನೊಂದು ಇಡಿ. ತೆಗೆಯುವಾಗ ಒಣ ಸೌಟು. ಅಡುಗೆಗೆ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಎರಡು-ಮೂರು ಬಾರಿ ನೀರು ಬದಲಿಸಿ ಹಿಂಡಿದರೆ ಪಲ್ಯಕ್ಕೆ, ಹುಳಿಗೆ, ರೊಟ್ಟಿಗೆ ಆಗುತ್ತದೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಇದನ್ನು ದಿನಾ ಮಾಡಬೇಡಿ.

ಬೀಜವನ್ನು ಎಸೆಯುವ ಹಾಗಿಲ್ಲ. ಒಂದು ದಿನ ನೆರಳಲ್ಲಿ ಆರಿಸಿ, ಕೆಮ್ಮಣ್ಣಿನ ಕೆಸರಲ್ಲಿ ಹೊರಳಿಸಿ ಒಣಗಿಸಿದರೆ ಮೂಲೆಯಲ್ಲಿ ರಾಶಿ ಹಾಕಿಟ್ಟರೂ ತಿಂಗಳುಗಟ್ಟಲೆ ಒಳಗಿನ ಹಸಿತನ ಆರದು. ಆಷಾಢದ ಸಂಜೆ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಮಕ್ಕಳಿಗೆ ಯಾವ ಕುರುಕಲಿಗೂ ಕಡಿಮೆಯಿಲ್ಲ.

ಮುರುಗಲು ಹಣ್ಣಾಗುವುದು ಇದೇ ಬಿಸಿಲಲ್ಲಿ. ಸಿಪ್ಪೆ ಬಿಡಿಸಿ, ಒಳಗಿನ ರಸವನ್ನೇ ಎರಡು-ಮೂರು ಸಲ ಸವರಿ ಒಣಗಿಸಿದರೆ ವರ್ಷದ ಹುಳಿ ಆಯಿತು. ಬೀಜದ ತುಪ್ಪ ಒಡೆದ ಹಿಮ್ಮಡಿಗೆ. ಉಪ್ಪಾಗೆ ಮಾತ್ರ ಮಳೆಯಲ್ಲೇ ಹಣ್ಣಾಗುವುದರಿಂದ ಅದನ್ನು ಹೊಗೆಯಲ್ಲೇ ಒಣಗಿಸಬೇಕು, ರಾಶಿ ಕಟ್ಟಿಗೆ ಬೇಕು. ಮನೆಗೆ ಬೇಕಾದಷ್ಟನ್ನು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹರವಿದರೆ ಸಾಕು, ಅದಕ್ಕೆಂದೇ ಬೇರೆ ಬೆಂಕಿ ಹಾಕಬೇಡಿ. ಮಗೆಕಾಯಿ, ಕುಂಬಳ, ಬೂದುಗುಂಬಳವನ್ನು ತೊಟ್ಟು ಸಮೇತ ಕೊಯ್ದು ಬಾಳೆನಾರಿನಲ್ಲಿ ಒಂದಕ್ಕೊಂದು ತಾಗದಂತೆ ಜಂತಿಗೆ ತೂಗುಹಾಕಿ. ನೆಲಕ್ಕೆ ಇಟ್ಟದ್ದು ತಿಂಗಳಲ್ಲಿ ಕೊಳೆಯುತ್ತದೆ, ತೂಗಿದ್ದು ಚೌತಿಯವರೆಗೂ ಇರುತ್ತದೆ.

ಕಟ್ಟಿಗೆಯ ಬಗ್ಗೆ ಒಂದು ಮಾತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇದಕ್ಕಾಗಿ ಹೋಗಬೇಡಿ. ಹಳಿಯಾಳ, ಮುಂಡಗೋಡ ಕಡೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಗೋವಿನಜೋಳದ ದಂಡು ಹೊಲದಲ್ಲೇ ಸುಟ್ಟು ಹೋಗುತ್ತವೆ. ತೋಟ ಇದ್ದವರಿಗೆ ತೆಂಗಿನ ಗರಿ, ಅಡಿಕೆ ಹಾಳೆ, ಗೇರು ಸವರಿದ ಟೊಂಗೆ ಇವೆ. ಮೇ ಇಪ್ಪತ್ತರೊಳಗೆ ಸೂರಿನಡಿ, ನೆಲಕ್ಕೆ ಎರಡು ಕಲ್ಲು ಕೊಟ್ಟು ಒಟ್ಟಿ. ಹಸಿ ಕಟ್ಟಿಗೆ ಉರಿಸಿದರೆ ಉರಿಯ ಒಂದು ಪಾಲು ಅದರೊಳಗಿನ ನೀರು ಆರಿಸಲಿಕ್ಕೇ ಹೋಗುತ್ತದೆ, ಹೊಗೆ ನಿಮ್ಮ ಕಣ್ಣಿಗೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ನಿಮ್ಮ ಮನೆಯಲ್ಲಿ ಮುರಿದು ಮೂಲೆ ಸೇರಿದ್ದರೆ ಮಣ್ಣು ಮೆತ್ತಿ ಸರಿ ಮಾಡಿಸಿ. ಹೊಗೆಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆದರೆ ಸಾಕು, ಉರಿ ತಾನೇ ಎಳೆದುಕೊಳ್ಳುತ್ತದೆ.

ಕೌದಿ

ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವುದು ಬೇಸಿಗೆಯ ಮಧ್ಯಾಹ್ನಗಳ ಕೆಲಸ, ನನಗೆ ಎಲ್ಲಕ್ಕಿಂತ ಪ್ರೀತಿಯದು. 1943ರಲ್ಲಿ, ಮಹಾಯುದ್ಧದ ನಡುವೆ ಬಟ್ಟೆಗೂ ರೇಷನ್ ಇದ್ದಾಗ, ಬ್ರಿಟನ್ನಿನ ಸರ್ಕಾರ ಹಳೆ ಬಟ್ಟೆಗೆ ತೇಪೆ ಹಾಕಿ ಬಳಸುವುದು ಹೇಗೆಂದು ಪುಸ್ತಿಕೆ ಅಚ್ಚು ಹಾಕಿಸಿ ಹಂಚಿತು. ನಮ್ಮ ಸಿದ್ದಿ ಹೆಂಗಸರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಅವರ ಕೌದಿಗಳು ಈಗ ದೇಶ-ವಿದೇಶದ ಪ್ರದರ್ಶನಗಳಲ್ಲಿ ತೂಗುತ್ತವೆ. ಮನೆಯ ಮಟ್ಟಿಗೆ ಅದು ಚಳಿಯ ಔಷಧ, ಖರ್ಚು ದಾರದ ಉಂಡೆಯದು ಮಾತ್ರ.

ಹತ್ತಿಯ ಹಳೆ ಸೀರೆ, ಧೋತರ, ಅಂಗಿ, ಲಂಗ ಆರಿಸಿ. ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಗುಂಡಿ, ಜಿಪ್ಪು, ದಪ್ಪ ಹೊಲಿಗೆ ಕತ್ತರಿಸಿ ತೆಗೆಯಿರಿ, ಗುಂಡಿಯನ್ನು ಎತ್ತಿಡಿ. ಗಟ್ಟಿ ಇರುವ ಸೀರೆಯೊಂದನ್ನು ನೆಲಕ್ಕೆ ಸುಕ್ಕಿಲ್ಲದಂತೆ ಹಾಸಿ, ಅದೇ ತಳ. ಉದ್ದ ಸೂಜಿಗೆ ದಪ್ಪ ನೂಲು ಎರಡೆಳೆ ಪೋಣಿಸಿ, ಒಂದು ಮೂಲೆಯಿಂದ ಶುರು ಮಾಡಿ. ತುಂಡಿನ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿ, ಮುಂದಿನ ತುಂಡು ಅದರ ಮೇಲೆ ಸ್ವಲ್ಪ ಹತ್ತುವಂತೆ ಇಟ್ಟು, ಸಣ್ಣ ಓಟದ ಹೊಲಿಗೆ ಹಾಕುತ್ತ ಅಂಚಿನುದ್ದಕ್ಕೂ ನಡೆಯಿರಿ. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಬೆರಳಿನಷ್ಟು ಒಳಗೆ ಎರಡನೇ ಸುತ್ತು. ಹೀಗೆ ಸುತ್ತುತ್ತ ನಡುವಿಗೆ ಬಂದು ಮುಗಿಸಬೇಕು. ಸಿದ್ದಿಯರ ಕ್ರಮವೇ ಇದು. ನಡುವಿನಿಂದ ಹೊರಟರೆ ಬಟ್ಟೆ ಸರಿದು ಅಂಚು ಡೊಂಕಾಗುತ್ತದೆ. ಬಟ್ಟೆ ತೆಳುವಿದ್ದರೆ ಒಳಗೆ ಇನ್ನೆರಡು ಪದರ ಕೊಡಿ.

ಕೊನೆಗೆ ನಾಲ್ಕು ಮೂಲೆಗೆ ಹೂ. ಚೌಕದ ಪುಟ್ಟ ತುಂಡುಗಳನ್ನು ಮಡಚಿ ಮಡಚಿ ತ್ರಿಕೋನ ಮಾಡಿ, ಒಂದರ ಮೇಲೊಂದು ಇಟ್ಟು ಮೂಲೆಗೆ ಹೊಲಿಯುತ್ತಾರೆ, ಅದಕ್ಕೆ ಫೂಲ ಎಂದು ಹೆಸರು. ಫೂಲ ಇಲ್ಲದ ಕೌದಿ ಬತ್ತಲೆ ಎನ್ನುವ ಭಾವನೆ ಅವರದು. ಚಳಿಗೆ ಅದರಿಂದ ಏನೂ ಲಾಭವಿಲ್ಲ, ಆದರೂ ಬಿಡಬೇಡಿ.

ಹರಿದ ಕೌದಿ ಹೊಸ ಕೌದಿಯ ಒಳಪದರವಾಗಲಿ. ಅದಕ್ಕೂ ಆಗದ್ದು ಅನ್ನದ ಪಾತ್ರೆಗೆ. ಅಕ್ಕಿ ಐದು ನಿಮಿಷ ಕೊತಕೊತ ಕುದಿದ ಮೇಲೆ ಗಟ್ಟಿಯಾಗಿ ಮುಚ್ಚಿ, ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಹಳೆ ಕೌದಿ ಸುತ್ತಿ. ಒಂದು ತಾಸಿನಲ್ಲಿ ಉರಿಯಿಲ್ಲದೆ ಅನ್ನ ಆಗಿರುತ್ತದೆ. ರಾತ್ರಿ ನೆನೆಸಿದ ಹೆಸರು, ಮಡಕಿ ಕಾಳಿಗೆ ಇಪ್ಪತ್ತು ನಿಮಿಷದ ಕುದಿ, ಮೂರು ತಾಸು ಬುಟ್ಟಿ, ಉಣ್ಣುವ ಮುಂಚೆ ಮತ್ತೊಮ್ಮೆ ಕುದಿಸಬೇಕು. ರಾಜ್ಮಾ, ಮಾಂಸ, ಮೀನಿಗೆ ಈ ಬುಟ್ಟಿ ಬೇಡ.

ದುಡ್ಡಿನ ಡಬ್ಬಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಜೂನ್ ಖರ್ಚನ್ನು ಡಿಸೆಂಬರಿನಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದರಲ್ಲಿ 500 ತೆಗೆದಿಡಿ, ಆರು ತಿಂಗಳಿಗೆ 3,000. ಯೂನಿಫಾರ್ಮು, ಬೀಜದ ಖರ್ಚಿಗೆ ಅದು ಮೊದಲ ಆಸರೆ. ಇನ್ನೂ ಕೈ ಗಟ್ಟಿ ಇದ್ದರೆ ಅಂಚೆ ಕಚೇರಿಯ ಆರ್.ಡಿ. ಇದೆ, ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಐದು ವರ್ಷದ್ದು. ಹನ್ನೆರಡು ಕಂತು ಕಟ್ಟಿದ ಮೇಲೆ ಅದರ ಅರ್ಧದವರೆಗೆ ಅಲ್ಲೇ ಸಾಲ ಸಿಗುತ್ತದೆ. ಸಾಲ ಬೇಕೇ ಬೇಕಾದರೆ ಮೊದಲು ನಿಮ್ಮ ಸ್ವಸಹಾಯ ಸಂಘಕ್ಕೆ ಹೋಗಿ. ವಾರದ ಕಂತಿನ ಫೈನಾನ್ಸಿನವರು ಮನೆ ಮುಂದೆ ನಿಂತು ಬೆದರಿಸುವುದಕ್ಕೆ 2025ರ ಫೆಬ್ರವರಿಯಿಂದ ಕಾನೂನಿನ ತಡೆ ಇದೆ, ಹಾಗೆ ಬೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಲು ಹಿಂಜರಿಯಬೇಡಿ.

ಮುಂಡಗೋಡದ ಟಿಬೆಟನ್ ಕಾಲೋನಿಯಿಂದಲೂ ಒಂದು ಪಾಠವಿದೆ. 1966ರಲ್ಲಿ ಕಾಡಂಚಿನಲ್ಲಿ ನೆಲೆ ಹೂಡಿದ ಆ ಕುಟುಂಬಗಳಲ್ಲಿ ಅನೇಕರು ಮಳೆ ಬೆಳೆ ಮುಗಿದ ಕೂಡಲೇ ಸ್ವೆಟರಿನ ಗಂಟು ಹೊತ್ತು ದೂರದ ಪಟ್ಟಣಗಳಿಗೆ ಹೊರಡುತ್ತಾ ಬಂದಿದ್ದಾರೆ, ಚಳಿಗಾಲದ ವ್ಯಾಪಾರ ಮುಗಿಸಿ ಮರಳುತ್ತಾರೆ. ನಮ್ಮಲ್ಲೂ ಹಪ್ಪಳ, ಕೌದಿ, ಗೆಡ್ಡೆ, ಮುರುಗಲು ಮಾರಿ ನಾಲ್ಕು ಕಾಸು ನೋಡುವ ಒಣ ತಿಂಗಳುಗಳು ಇವೇ.

ಮಳೆ ಹಿಡಿದ ಮೇಲೆ

ನಾಲ್ಕೂ ತಾಲ್ಲೂಕಿನ ಮಳೆ ಒಂದೇ ಅಲ್ಲ. ಜೋಯಿಡಾದ ಕ್ಯಾಸಲ್‌ರಾಕ್ ಕಡೆ ವಾರಗಟ್ಟಲೆ ಸೂರ್ಯ ಕಾಣದು, ಅಲ್ಲಿ ಎಲ್ಲವೂ ಒಲೆಯ ಮೇಲಿನ ಅಟ್ಟಕ್ಕೆ ಏರಬೇಕು. ಹಳಿಯಾಳ, ಮುಂಡಗೋಡದಲ್ಲಿ ನಡುನಡುವೆ ಬಿಸಿಲು ಬೀಳುತ್ತದೆ, ಆ ಅರ್ಧ ದಿನ ಹಪ್ಪಳ, ಕಾಳು, ಕೌದಿಗಳನ್ನು ಹೊರಗೆ ಹಾಕಿ. ಬಿತ್ತನೆ ಬೀಜವನ್ನು ಬೂದಿಯಲ್ಲಿ ಕಲಸಿ ಒಣ ಸೋರೆ ಬುರುಡೆಯಲ್ಲಿ ತುಂಬಿ ಒಲೆಯ ಹತ್ತಿರ ತೂಗಿ. ಉಪ್ಪುಸೊಳೆಯ ಭರಣಿಯನ್ನು ವಾರಕ್ಕೊಮ್ಮೆ ತೆರೆದು ಕಲ್ಲು ಸರಿದಿದೆಯೇ ನೋಡಿ.

ಇನ್ನೊಂದು ಕೆಲಸ, ನಮ್ಮ ಅವ್ವ ಮಾಡುತ್ತಿದ್ದದ್ದು. ಅಡುಗೆ ಮನೆಯ ಗೋಡೆಯ ಮೇಲೆ, ಒಲೆಯ ಪಕ್ಕದಲ್ಲಿ, ಇದ್ದಿಲಿನಿಂದ ಗೆರೆ ಎಳೆದು ಬರೆಯುತ್ತಿದ್ದಳು: ಕಟ್ಟಿಗೆ ಮುಗಿದದ್ದು ನಾಗರ ಪಂಚಮಿಗೆ, ಹುಣಸೆಹಣ್ಣು ಮುಗಿದದ್ದು ಚೌತಿಗೆ, ಹಿಡಿ ಅಕ್ಕಿಯ ಡಬ್ಬಿ ತೆರೆದದ್ದು ಕಾರ ಹುಣ್ಣಿಮೆ ಆದ ಎಂಟನೇ ದಿನ. ಮುಂದಿನ ವರ್ಷ ಎಷ್ಟು ಕಟ್ಟಿಗೆ ಒಟ್ಟಬೇಕು, ಎಷ್ಟು ಹುಣಸೆಹಣ್ಣು ತರಬೇಕು ಎಂಬ ಲೆಕ್ಕ ಅವಳಿಗೆ ಆ ಗೋಡೆಯಿಂದಲೇ ಸಿಗುತ್ತಿತ್ತು. ದೀಪಾವಳಿಗೆ ಗೋಡೆ ಸಾರಿಸುವ ಮುಂಚೆ ಅದನ್ನು ನನ್ನ ಪಾಟಿಯ ಮೇಲೆ ಬರೆಸಿಕೊಳ್ಳುತ್ತಿದ್ದಳು. ನಿಮಗೆ ಗೋಡೆ ಬೇಡವಾದರೆ ಕ್ಯಾಲೆಂಡರಿನ ಹಿಂಬದಿ ಇದೆ.